ಮನೆ ಸಿಮ್, ಬಾಡಿಗೆ ಸಿಮ್, ಹುಡ್: ಇನ್‌ಸ್ಟ್ರುಮೆಂಟ್ ಹಾರಾಟದ ಕೈ ತಪ್ಪದಿರಲು ಯಾವುದು?

ಹೊರಗೆ ನೋಡದೆ ಉಪಕರಣಗಳನ್ನಷ್ಟೇ ನೋಡಿ ಹಾರುವುದು ಇನ್‌ಸ್ಟ್ರುಮೆಂಟ್ ಹಾರಾಟ. ಅದರ ಅಭ್ಯಾಸಕ್ಕೆ ಮನೆಯ ಕಂಪ್ಯೂಟರ್ ಸಿಮ್ಯುಲೇಟರ್, ಬಾಡಿಗೆಯ ತರಬೇತಿ ಸಿಮ್ಯುಲೇಟರ್, ಹೊರನೋಟ ಮರೆಮಾಡುವ ಹುಡ್ ಹಾಕಿ ನಿಜವಾದ ವಿಮಾನ, ಈ ಮೂರನ್ನೂ ಬಳಸಿದ ಮೇಲೆ ನನ್ನ ಓಟು ಮನೆ ಸಿಮ್‌ಗೆ. ಅಭ್ಯಾಸ ತಪ್ಪಿದರೆ ಮೊದಲು ಮಂಕಾಗುವುದು ಸ್ಕ್ಯಾನ್, ಅಂದರೆ ಉಪಕರಣಗಳ ಮೇಲೆ ಸಾಲಾಗಿ ಕಣ್ಣಾಡಿಸುವ ರೂಢಿ. ತಿಂಗಳಿಗೊಮ್ಮೆ ಮೂರು ಗಂಟೆ ಕೂರುವುದಕ್ಕಿಂತ ವಾರಕ್ಕೆರಡು ಸಲ ಮುಕ್ಕಾಲು ಗಂಟೆ ಕೂತರೆ ಅದು ಉಳಿಯುತ್ತದೆ. ಸಂಜೆ ಹೊತ್ತು ಹೆಬ್ಬಾಳ ದಾಟಿ ಜಕ್ಕೂರು ವಿಮಾನಾಂಗಣ ಮುಟ್ಟುವಷ್ಟರಲ್ಲಿ ಮನೆಯಲ್ಲಿ ಎರಡು ಐಎಲ್‌ಎಸ್ (ರನ್‌ವೇ ಬಳಿಯಿಂದ ಬರುವ ರೇಡಿಯೋ ಸಂಕೇತ ಹಿಡಿದು ಇಳಿಯುವುದು) ಮುಗಿದಿರುತ್ತವೆ.

ಮನೆ ಸಿಮ್‌ನಲ್ಲಿ ತಲೆ ತಿನ್ನುವುದು ಒಂದೇ: ಟ್ರಿಮ್, ಅಂದರೆ ಕೈ ಒತ್ತಡವಿಲ್ಲದೆ ಮೂಗು ಇದ್ದಲ್ಲೇ ನಿಲ್ಲುವಂತೆ ಮಾಡುವ ಹೊಂದಾಣಿಕೆ. ನಿಜವಾದ ಸೆಸ್ನಾ 172ರಲ್ಲಿ ಯೋಕ್ (ವಿಮಾನದ ಸ್ಟೀರಿಂಗ್) ಹಿಡಿದು ಮೂಗು ನಿಲ್ಲಿಸಿ, ಕೈ ಮೇಲಿನ ಭಾರ ಇಳಿಯುವ ತನಕ ಟ್ರಿಮ್ ಚಕ್ರ ತಿರುಗಿಸುತ್ತೇವೆ. ಯೋಕ್ ಇದ್ದಲ್ಲೇ ಇರುತ್ತದೆ. ಮನೆಯ ಸ್ಪ್ರಿಂಗ್ ಯೋಕ್ ಯಾವಾಗಲೂ ನಡುವಿಗೇ ಎಳೆಯುತ್ತದೆ. ಹಾಗಾಗಿ ಟ್ರಿಮ್ ತಿರುಗಿಸುತ್ತಲೇ ಕೈಯನ್ನೂ ನಿಧಾನಕ್ಕೆ ಸಡಿಲಿಸಬೇಕು. ಎಳೆದು ಹಿಡಿದ ಕೈ ಸಡಿಲಿಸದಿದ್ದರೆ ಮೂಗು ಏರುತ್ತದೆ, ಒತ್ತಿದರೆ ಕುಸಿಯುತ್ತದೆ, 100 ಅಡಿ ಮೇಲೆ ಕೆಳಗೆ ಅಲೆದಾಟ ಶುರು.

ಟ್ರಿಮ್ ಅನ್ನು ಬಟನ್‌ಗೆ ಕೊಟ್ಟಿದ್ದರೆ ಇನ್ನೂ ಕಷ್ಟ, ಒಂದು ಒತ್ತಿಗೆ ಬೇಕಾದ್ದಕ್ಕಿಂತ ಹೆಚ್ಚು ಬದಲಾಗುತ್ತದೆ. ಪ್ರತ್ಯೇಕ ಟ್ರಿಮ್ ಚಕ್ರ ಹಾಕಿಕೊಳ್ಳಿ. ಇಲ್ಲವೇ ಥ್ರಾಟಲ್ ಕ್ವಾಡ್ರಂಟ್‌ನಲ್ಲಿ (ಎಂಜಿನ್ ಲಿವರ್‌ಗಳ ಪೆಟ್ಟಿಗೆ) ಖಾಲಿ ಇರುವ ಲಿವರ್ ಅನ್ನು ಪಿಚ್ ಟ್ರಿಮ್ ಆಕ್ಸಿಸ್‌ಗೆ ಕೊಡಿ. ಡೆಡ್ ಝೋನ್ (ಅಲ್ಲಾಡಿಸಿದರೂ ಲೆಕ್ಕಕ್ಕೆ ಬಾರದ ನಡುವಿನ ಜಾಗ) 2–3 ಶೇಕಡಾ ಸಾಕು. 90 ನಾಟ್‌ನಲ್ಲಿ ಸಮತಲ ಹಾರಾಟ ಹೊಂದಿಸಿ ಕೈ ಬಿಡಿ. ಅರ್ಧ ನಿಮಿಷ ಎತ್ತರ ನಿಂತರೆ ಮಾತ್ರ ಗ್ಲೈಡ್‌ಸ್ಲೋಪ್‌ಗೆ, ಅಂದರೆ ಐಎಲ್‌ಎಸ್ ಸೂಜಿ ತೋರಿಸುವ ಇಳಿಜಾರಿಗೆ, ಹೋಗಿ. ಇಲ್ಲದಿದ್ದರೆ ಸೂಜಿಯ ಹಿಂದೆ ಓಡುವ ಚಾಳಿ ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸುವುದು ಬಲು ಕಷ್ಟ.

ಕೆಂಪೇಗೌಡ ವಿಮಾನ ನಿಲ್ದಾಣದ ಐಎಲ್‌ಎಸ್ ಹಾಕಿಕೊಂಡು, 3 ಡಿಗ್ರಿ ಇಳಿಜಾರಿಗೆ ಗ್ರೌಂಡ್ ಸ್ಪೀಡ್ (ನೆಲದ ಲೆಕ್ಕದ ವೇಗ) ಅನ್ನು 5ರಿಂದ ಗುಣಿಸಿ, ಎಷ್ಟು ವೇಗವಾಗಿ ಇಳಿಯಬೇಕೆಂದು ಸಿಗುತ್ತದೆ: 90 ನಾಟ್‌ಗೆ ನಿಮಿಷಕ್ಕೆ ಸುಮಾರು 450 ಅಡಿ. ಎದುರುಗಾಳಿ 10 ನಾಟ್ ಇದ್ದರೆ 400. ಹೋಲ್ಡಿಂಗ್‌ನಲ್ಲಿ (ಕಾಯುತ್ತಾ ಆಕಾಶದಲ್ಲೇ ಸುತ್ತು ಹಾಕುವಾಗ) ಔಟ್‌ಬೌಂಡ್, ಅಂದರೆ ದೂರ ಹೋಗುವ ಬದಿಯ, ಗಡಿಯಾರ ಒತ್ತಬೇಕಾದ್ದು ಫಿಕ್ಸ್‌ನ (ಸುತ್ತಿಗೆ ಗುರುತಾದ ಬಿಂದು) ಪಕ್ಕಕ್ಕೆ ಬಂದಾಗ, ತಿರುವು ಶುರುವಾದಾಗ ಅಲ್ಲ.

ಬಾಡಿಗೆ ಸಿಮ್ ದುಬಾರಿ. ಅದರ ನಿಜವಾದ ಬೆಲೆ ಪಕ್ಕದಲ್ಲಿ ಕೂತ ಇನ್‌ಸ್ಟ್ರಕ್ಟರ್. ಅವರು ಹೇಳದೆ ಕೇಳದೆ ಕೆಲವು ಉಪಕರಣ ನಡೆಸುವ ವ್ಯಾಕ್ಯೂಮ್ ಪಂಪ್ ಅನ್ನು ಸಿಮ್‌ನಲ್ಲಿ ಕೆಡಿಸುತ್ತಾರೆ. ವಿಮಾನದ ವಾಲಿಕೆ ತೋರಿಸುವ ಆಟಿಟ್ಯೂಡ್ ಇಂಡಿಕೇಟರ್ ಒಮ್ಮೆಗೇ ಬೀಳದೆ ಮೆಲ್ಲಗೆ ವಾಲುತ್ತಾ ಹೋಗುತ್ತದೆ. ತಿರುವು ತೋರಿಸುವ ಟರ್ನ್ ಕೋಆರ್ಡಿನೇಟರ್ ವಿದ್ಯುತ್ತಿನಲ್ಲಿ ನಡೆಯುವುದರಿಂದ ಅದು ನಿಜ ಹೇಳುತ್ತಿರುತ್ತದೆ. ಕೆಡುವುದು ಯಾವಾಗ ಎಂದು ಗೊತ್ತಿಲ್ಲದಿದ್ದಾಗಲಷ್ಟೇ ಈ ಪಾಠ ಮೈಗೆ ಹತ್ತುವುದು. ಮನೆಯಲ್ಲಿ ರ‍್ಯಾಂಡಮ್ ಫೇಲ್ಯೂರ್ ಹಾಕಬಹುದು, ಆದರೆ ತಪ್ಪು ತೋರಿಸುವವರಿಲ್ಲ.

ಹುಡ್ ಹಾಕಿ ನಿಜವಾದ ವಿಮಾನದಲ್ಲಿ ಹಾರಿದರೆ ಸಿಗುವುದು ಕಿವಿಯೊಳಗಿನ ಮೋಸ. ದೀರ್ಘ ತಿರುವಿನಿಂದ ನೇರವಾದಾಗ ಎದುರು ದಿಕ್ಕಿಗೆ ತಿರುಗುತ್ತಿದ್ದೇವೆ ಅನ್ನಿಸುತ್ತದೆ. ಮನೆಯ ಕುರ್ಚಿ ಅದನ್ನು ಕೊಡಲಾರದು. ಹೊರಗೆ ಕಣ್ಣಿಡಲು ಪಕ್ಕದಲ್ಲಿ ಸೇಫ್ಟಿ ಪೈಲಟ್ ಕಡ್ಡಾಯ. ಬಿಸಿಲಿದ್ದರೆ ಪ್ಯಾನೆಲ್ ಮೇಲೆ ಜರುಗುವ ನೆರಳೇ ತಿರುವನ್ನು ಹೇಳಿಬಿಡುತ್ತದೆ, ಕಣ್ಣು ಗೊತ್ತಿಲ್ಲದೆ ಅದನ್ನೇ ಓದುತ್ತದೆ. ಮಬ್ಬು ಬೆಳಕಿನ ದಿನ ಆರಿಸಿಕೊಳ್ಳಿ.

ಲಾಗ್‌ಬುಕ್ ಲೆಕ್ಕ ಬೇರೆ. ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಕ) ಲೈಸೆನ್ಸ್ ಇದ್ದವರಿಗೆ 6 ತಿಂಗಳಲ್ಲಿ ಉಪಕರಣ ನೋಡಿ ರನ್‌ವೇಗೆ ಬರುವ 6 ಅಪ್ರೋಚ್, ಜೊತೆಗೆ ಹೋಲ್ಡಿಂಗ್ ಮತ್ತು ಕೋರ್ಸ್ ಹಿಡಿದು ಹೋಗುವುದು ಬೇಕು. ಮಾನ್ಯತೆ ಇಲ್ಲದ ಮನೆ ಸಿಮ್ ಅದಕ್ಕೆ ಲೆಕ್ಕವಿಲ್ಲ.

ನನ್ನ ಜೇಬಿಗೆ ಹೊಂದುವ ಹಂಚಿಕೆ: ವಾರವಿಡೀ ಮನೆ, ಹಾರಾಟದ ಪರೀಕ್ಷೆ ಹತ್ತಿರ ಬಂದಾಗ ಇನ್‌ಸ್ಟ್ರಕ್ಟರ್ ಜೊತೆ ಎರಡು ಗಂಟೆ ಬಾಡಿಗೆ ಸಿಮ್, ದುಡ್ಡು ಉಳಿದರೆ ಹುಡ್.