ಗಾಣದ ಗಿಯರ್‌ಬಾಕ್ಸ್‌ಗೆ ಯಾವ ಸೆನ್ಸರ್? ಒಂದು ಹಂಗಾಮು ಕಟ್ಟಿ ನೋಡಿದ್ದು

ಮಹಾರಾಷ್ಟ್ರದ ಅಕ್ಕಲಕೋಟೆ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಕಾಗದಪತ್ರವೆಲ್ಲ ಮರಾಠಿ, ಮಿಲ್ ಹೌಸ್ ಒಳಗೆ ಬೈಗುಳದಿಂದ ಹಿಡಿದು ಎಲ್ಲವೂ ಕನ್ನಡ. ಹೋದ ಹಂಗಾಮಿನ ಹಿಂದಿನ ಹಂಗಾಮಿನಲ್ಲಿ ಒಂದು ಗಿಯರ್‌ನ ಹಲ್ಲು ಮುರಿದು ಮೂರು ದಿನ ಗಾಣ ನಿಂತಿತ್ತು. ಕಬ್ಬಿನ ಟ್ರ್ಯಾಕ್ಟರ್ ಸಾಲು ಗೇಟು ದಾಟಿ ರಸ್ತೆಗೆ ಬಂತು, ಕಬ್ಬು ಬಿಸಿಲಿಗೆ ಒಣಗಿ ತೂಕ ಇಳಿಯುತ್ತಾ ಹೋಯಿತು, ರೈತರು ನಮಗೆ ಏನೇನು ಅಂದರು ಅನ್ನೋದನ್ನು ಇಲ್ಲಿ ಬರೆಯೋಕಾಗಲ್ಲ.

ಆಮೇಲೆ, ಹಲ್ಲು ಮುರಿಯೋ ಮುಂಚೆಯೇ ಎಚ್ಚರಿಸುವ ಸೆನ್ಸರ್ ಹಾಕಿಸಿ ಅಂತ ಆರ್ಡರ್ ಬಂತು. ಬಂದ ಪ್ರತಿ ಮಾರಾಟಗಾರನೂ ತನ್ನದೇ ಬೆಸ್ಟ್ ಅಂದ. ಹಾಗಾಗಿ ಮೂರನೇ ಗಾಣದ ಒಂದೇ ಗಿಯರ್‌ಬಾಕ್ಸ್ ಮೇಲೆ ಸಿಕ್ಕಿದ್ದನ್ನೆಲ್ಲ ಕಟ್ಟಿ ನೋಡಿದೆವು.

ಮೊದಲು ಗಿಯರ್‌ಬಾಕ್ಸ್ ಲೆಕ್ಕ. ಮೋಟಾರು ನಿಮಿಷಕ್ಕೆ ಸುಮಾರು 990 ಸುತ್ತು. ಮೊದಲ ಪಿನಿಯನ್‌ಗೆ (ಚಿಕ್ಕ ಗಿಯರ್) 19 ಹಲ್ಲು, ಅದು ಕಚ್ಚುವ ಗಿಯರ್‌ಗೆ 75. ಅಂದರೆ ಎರಡನೇ ಶಾಫ್ಟ್ 250ರ ಹತ್ತಿರ. ಹೀಗೆ ಇಳಿದು ಇಳಿದು ಗಾಣದ ರೋಲರ್‌ಗೆ ಬರುವಷ್ಟರಲ್ಲಿ 4–5 ಸುತ್ತು ಅಷ್ಟೇ. ಇದೊಂದು ನೆನಪಿರಲಿ. ಯಾವ ಸೆನ್ಸರ್ ಎಲ್ಲಿ ಗೆಲ್ಲುತ್ತೆ, ಎಲ್ಲಿ ಸೋಲುತ್ತೆ ಅನ್ನೋದು ಸೆನ್ಸರ್ ಬೆಲೆಗಿಂತ ಈ ವೇಗದ ಮೇಲೇ ನಿಂತಿದೆ.

ವೈರ್ ಇರುವ ವೈಬ್ರೇಷನ್ ಸೆನ್ಸರ್ ನನಗೆ ತುಂಬಾ ಹಿಡಿಸಿತು, ತುಂಬಾ ಸತಾಯಿಸಿತು ಕೂಡ. ಪಿನಿಯನ್ ಸೆಕೆಂಡಿಗೆ 16.5 ಸುತ್ತು, ಹಲ್ಲು 19, ಗುಣಿಸಿದರೆ ಸುಮಾರು 313 ಹರ್ಟ್ಜ್. ನಡುಕವನ್ನು ಹರ್ಟ್ಜ್ ಲೆಕ್ಕದಲ್ಲಿ ಬಿಡಿಸಿ ತೋರಿಸುವ ಗ್ರಾಫ್‌ನಲ್ಲಿ ಹಲ್ಲುಗಳು ಕಚ್ಚಿಕೊಳ್ಳುವ ಈ ಗೆರೆ ಯಾವಾಗಲೂ ಇರುತ್ತೆ, ಅದು ಕಂಡಿತು ಅಂತ ಗಾಬರಿ ಬೇಡ. ಹಲ್ಲು ಕೆಟ್ಟರೆ ಸುತ್ತಿಗೊಂದು ಸಲ ಹೊಡೆತ ಬೀಳುತ್ತೆ, ಆಗ ಆ ಗೆರೆಯ ಎರಡೂ ಪಕ್ಕ ಮರಿ ಗೆರೆಗಳು ಏಳುತ್ತವೆ. ಮರಿಗಳ ನಡುವಿನ ಅಂತರ 16.5 ಹರ್ಟ್ಜ್ ಇದ್ದರೆ ಪಿನಿಯನ್ ಕೆಟ್ಟಿದೆ, 4.2ರ ಹತ್ತಿರ (250 ಭಾಗಿಸು 60) ಇದ್ದರೆ ಎರಡನೇ ಶಾಫ್ಟಿನ ಗಿಯರ್. ಡಬ್ಬಿ ಬಿಚ್ಚದೆ ಯಾವ ಗಿಯರ್ ಅಂತ ಹೇಳೋದು ಬೇರೆ ಯಾವ ಸೆನ್ಸರ್‌ಗೂ ಇಷ್ಟು ಸಲೀಸಾಗಿ ಆಗಲಿಲ್ಲ.

ಆದರೆ ಕೂರಿಸೋದರಲ್ಲಿ ಎಡವಿದೆವು. ಮೊದಲು ಮ್ಯಾಗ್ನೆಟ್‌ನಿಂದ ಬಣ್ಣದ ಮೇಲೇ ಅಂಟಿಸಿದೆವು, ಅದೂ ಇನ್‌ಸ್ಪೆಕ್ಷನ್ ಕವರ್ ಮೇಲೆ, ಯಾಕೆಂದರೆ ಅಲ್ಲಿ ಜಾಗ ಸಪಾಟಾಗಿತ್ತು. ತೆಳು ಕವರ್ ತಾನೇ ತಗಡಿನ ಹಾಗೆ ನಡುಗುತ್ತಿತ್ತು, ಸೆನ್ಸರ್ ಅದನ್ನೇ ನಿಯತ್ತಾಗಿ ತೋರಿಸುತ್ತಿತ್ತು. ಆಮೇಲೆ ಬೇರಿಂಗ್ ಪಕ್ಕ ಬಣ್ಣ ಕೆರೆದು, ಎಪಾಕ್ಸಿಯಲ್ಲಿ ಪ್ಯಾಡ್ ಅಂಟಿಸಿ, ಸ್ಟಡ್ ಹಾಕಿ ಬಿಗಿದೆವು. ಗ್ರಾಫ್ ತಿಳಿಯಾಯಿತು. ಪೂರ್ತಿ ಅಲ್ಲ, ಯಾಕೆಂದರೆ ನಮ್ಮದು ವೇಗ ಬದಲಿಸುವ ಡ್ರೈವ್ ಮೇಲೆ ಓಡುವ ಮೋಟಾರು. ಕಬ್ಬಿನ ಲೋಡ್ ಹೆಚ್ಚು ಕಡಿಮೆ ಆದ ಹಾಗೆ ಸ್ಪೀಡ್ ಬದಲಾಗಿ ಗೆರೆಗಳೆಲ್ಲ ಕಲಸಿಹೋಗುತ್ತಿದ್ದವು. ಸ್ಟೋರ್‌ನಲ್ಲಿ ಬಿದ್ದಿದ್ದ ಒಂದು ಪ್ರಾಕ್ಸಿಮಿಟಿ ಸೆನ್ಸರ್ ತಂದು ಕಪ್ಲಿಂಗ್ ಬೋಲ್ಟ್ ಎದುರು ಇಟ್ಟು, ಸುತ್ತಿಗೊಂದು ಪಲ್ಸ್ ಕೊಟ್ಟು, ಅದರ ಲೆಕ್ಕದಲ್ಲಿ ಗ್ರಾಫ್ ತೆಗೆದ ಮೇಲೆ ಸರಿಹೋಯಿತು. ಇಷ್ಟೆಲ್ಲ ಆಗಿ ವಾರ ಕಳೆದಿಲ್ಲ, ನೈಟ್ ಶಿಫ್ಟಿನ ವೆಲ್ಡರ್ ಅರ್ಥಿಂಗ್ ಕ್ಲಾಂಪನ್ನು ಗಿಯರ್‌ಬಾಕ್ಸ್ ಕಾಲಿಗೇ ಹಾಕಿದ. ಬೆಳಿಗ್ಗೆ ಬಂದು ನೋಡಿದರೆ ವೆಲ್ಡಿಂಗ್ ಕರೆಂಟ್‌ಗೆ ಸೆನ್ಸರ್‌ನ ಒಂದು ಚಾನೆಲ್ ಸತ್ತಿತ್ತು.

ವೈರ್‌ಲೆಸ್ ಸೆನ್ಸರ್ ಕೂರಿಸೋದು ಹತ್ತು ನಿಮಿಷದ ಕೆಲಸ. ಆದರೆ ಬ್ಯಾಟರಿ ಉಳಿಸೋಕೆ ಅದು ಮಲಗಿರುತ್ತೆ, ನಾಲ್ಕು ಗಂಟೆಗೊಮ್ಮೆ ಎದ್ದು ಒಂದೆರಡು ಸೆಕೆಂಡ್ ಕೇಳಿ ಮತ್ತೆ ಮಲಗುತ್ತೆ. ನಿಮಿಷಕ್ಕೆ 4 ಸುತ್ತಿನ ಶಾಫ್ಟ್ ಒಂದು ಸುತ್ತು ಮುಗಿಸೋಕೆ 15 ಸೆಕೆಂಡ್ ಬೇಕು. ಕೆಟ್ಟ ಹಲ್ಲು ಅದು ಎದ್ದಿದ್ದಾಗಲೇ ಬರಬೇಕಲ್ಲ! ವೇಗದ ಚಿಕ್ಕ ಗಿಯರ್‌ಬಾಕ್ಸ್‌ಗೆ ನಡೆಯುತ್ತೆ, ಗಾಣದ ಔಟ್‌ಪುಟ್ ಕಡೆಗೆ ಸುಮ್ನೆ ಖರ್ಚು.

ಎಣ್ಣೆಯ ವಿಷಯಕ್ಕೆ ಬರೋಣ. ಎಣ್ಣೆ ಸರ್ಕ್ಯುಲೇಷನ್ ಲೈನ್‌ನಲ್ಲಿ ಕಬ್ಬಿಣದ ಚೂರು ಎಣಿಸುವ ಸೆನ್ಸರ್ ಹಾಕಿದೆವು. ಎರಡು ವಾರ ಸೊನ್ನೆ. ನಾನು ಖುಷಿಯಿಂದ ಮೀಟಿಂಗ್‌ನಲ್ಲಿ ತೋರಿಸಿಯೂ ಬಿಟ್ಟೆ. ನಮ್ಮ ಹಿರಿಯ ಫಿಟ್ಟರ್ ಕಾಕಾ ಪೈಪ್ ನೋಡಿ, "ಸಾಹೇಬ್ರ, ಫಿಲ್ಟರ್ ದಾಟಿದ ಮ್ಯಾಲ ಹಾಕೀರಲ್ರೀ, ಇಲ್ಲಿ ಚೂರು ಎಲ್ಲಿಂದ ಬರ್ತಾವ?" ಅಂದರು. ತಪ್ಪು ನನ್ನದೇ. ಫಿಲ್ಟರ್‌ಗಿಂತ ಮುಂಚೆ ಹಾಕಿದ ಮೇಲೆ ಎಣಿಕೆ ಶುರುವಾಯಿತು.

ಲ್ಯಾಬ್‌ಗೂ ಎಣ್ಣೆ ಕಳಿಸುತ್ತಿದ್ದೆವು. ಇಲ್ಲೊಂದು ಮೋಸ ಇದೆ. ರಿಪೋರ್ಟ್‌ನಲ್ಲಿ ಕಬ್ಬಿಣದ ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಏರಿರಲೇ ಇಲ್ಲ, ಆದರೆ ಡ್ರೇನ್‌ನ ಮ್ಯಾಗ್ನೆಟ್ ಪ್ಲಗ್ ತೆಗೆದರೆ ಹೊಳೆಯುವ ಚಕ್ಕೆಗಳು. ಪಿಪಿಎಂ ಅಳೆಯುವ ಸ್ಪೆಕ್ಟ್ರೋಮೀಟರ್‌ಗೆ ಐದೆಂಟು ಮೈಕ್ರಾನ್‌ಗಿಂತ ದೊಡ್ಡ ಕಣ ಸರಿಯಾಗಿ ಕಾಣಲ್ಲ. ನುಣ್ಣಗಿನ ಸವೆತ ಕಾಣುತ್ತೆ, ಹಲ್ಲಿನ ಮೈಯಿಂದ ಎದ್ದ ಚಕ್ಕೆ ಕಾಣಲ್ಲ. ನಮಗೆ ಬೇಕಿದ್ದದ್ದು ಚಕ್ಕೆಯದೇ ಸುದ್ದಿ ಅಲ್ವಾ. ಲ್ಯಾಬ್‌ಗೆ ಕಳಿಸುವುದಾದರೆ ದೊಡ್ಡ ಚೂರನ್ನೂ ಸೇರಿಸಿ ಕಬ್ಬಿಣವನ್ನು ಕಾಂತದ ಲೆಕ್ಕದಲ್ಲಿ ಅಳೆಯುವ ಪಿಕ್ಯೂ ಇಂಡೆಕ್ಸ್ ಕೂಡ ಕೇಳಿ. ಸ್ಯಾಂಪಲ್ಲನ್ನು ಗಾಣ ಓಡುತ್ತಿರುವಾಗ, ಎಣ್ಣೆ ಬಿಸಿ ಇದ್ದಾಗಲೇ ತೆಗೆಯಿರಿ, ತಳದ ಗಸಿ ಬೇಡ.

ಅಕೌಸ್ಟಿಕ್ ಎಮಿಷನ್ ಸೆನ್ಸರ್ ಒಂದು ವಾರ ಡೆಮೊಗೆ ಬಂದಿತ್ತು. ಬಿರುಕು ಬೆಳೆಯುವಾಗ, ಲೋಹ ಉಜ್ಜುವಾಗ ಏಳುವ 100 ಕಿಲೋಹರ್ಟ್ಜ್‌ಗಿಂತ ಮೇಲಿನ ಸದ್ದನ್ನು ಅದು ಹಿಡಿಯುತ್ತೆ, ಹಾಗಾಗಿ ನಿಧಾನದ ಶಾಫ್ಟ್‌ಗೆ ಒಳ್ಳೆಯದು. ಆದರೆ ಆ ಸದ್ದು ಒಂದೊಂದು ಜೋಡಣೆ ದಾಟುವಾಗಲೂ ಕರಗುತ್ತೆ. ಗ್ರೀಸ್ ಹಚ್ಚಿ ಬೇರಿಂಗ್ ಹತ್ತಿರವೇ ಕೂರಿಸಬೇಕು. ಪಕ್ಕದ ಪೈಪಿನ ಉಗಿ ಸೋರಿಕೆಯೂ ಅದರ ಕಿವಿಗೆ ಬೀಳುತ್ತಿತ್ತು. ರೇಟ್ ಕೇಳಿ ಕೈಮುಗಿದೆವು.

ಮೋಟಾರ್ ಕರೆಂಟ್ ನೋಡಿ ಹಲ್ಲು ಕಂಡುಹಿಡಿಯೋದು ಗಾಣದಲ್ಲಿ ಕೈಕೊಟ್ಟಿತು. ಕಬ್ಬಿನ ಗಂಟು ಬಂದರೆ ಕರೆಂಟ್ ಜಿಗಿಯುತ್ತೆ, ಡ್ರೈವ್‌ನ ಗದ್ದಲ ಬೇರೆ. ನೇರ ಸಪ್ಲೈ ಮೇಲೆ ಒಂದೇ ವೇಗದಲ್ಲಿ ಓಡುವ, ಕಬ್ಬಿನ ಸಿಪ್ಪೆ ಸಾಗಿಸುವ ಬಗಾಸ್ ಕ್ಯಾರಿಯರ್‌ನಲ್ಲಿ ಚೆನ್ನಾಗಿ ಬಂತು, 50 ಹರ್ಟ್ಜ್‌ನ ಎರಡೂ ಪಕ್ಕ ಶಾಫ್ಟ್ ವೇಗದ ಅಂತರದಲ್ಲಿ ಗೆರೆ ಕಾಣುತ್ತಿತ್ತು. ಗಿಯರ್‌ಬಾಕ್ಸ್ ಹತ್ತಿರ ಹೋಗಲೇಬೇಕಿಲ್ಲ, ಪ್ಯಾನೆಲ್‌ನಲ್ಲೇ ಕ್ಲಾಂಪ್ ಹಾಕಿದರೆ ಆಯಿತು. ಟೆಂಪರೇಚರ್? ಎಣ್ಣೆ ಕಡಿಮೆಯಾದರೆ, ಬೇರಿಂಗ್ ಬಿಗಿಯಾದರೆ ಹೇಳುತ್ತೆ. ಹಲ್ಲಿನ ಬಗ್ಗೆ ಇಡೀ ಹಂಗಾಮು ತುಟಿಪಿಟಕ್ ಅನ್ನಲಿಲ್ಲ.

ಈಗ ಪರೀಕ್ಷೆಯ ದಿನ. ಡಿಸೆಂಬರ್ ಕೊನೆಗೆ ಚೂರಿನ ಎಣಿಕೆ ಏರಿತು, ಪ್ಲಗ್‌ನಲ್ಲೂ ಚಕ್ಕೆ ಜಾಸ್ತಿ. ಒಂಬತ್ತು ದಿನದ ನಂತರ ವೈಬ್ರೇಷನ್‌ನಲ್ಲಿ 4.2 ಅಂತರದ ಮರಿ ಗೆರೆಗಳು ಎದ್ದವು. ಕಬ್ಬು ಬಾರದೆ ಗಾಣ ನಿಂತ ಒಂದು ರಾತ್ರಿ ಕವರ್ ತೆಗೆದೆವು. ಕಾಕಾ ಟಾರ್ಚ್ ಹಿಡಿದು, ಗಿಯರ್‌ನ ಒಂದೊಂದೇ ಹಲ್ಲಿನ ಮೇಲೆ ಉಗುರು ಎಳೆಯುತ್ತಾ ಹೋದರು. ಮೂರು ಹಲ್ಲುಗಳಲ್ಲಿ ಉಗುರು ಸಿಕ್ಕಿಕೊಂಡಿತು, ಸಿಡುಬಿನ ಕಲೆಯಂಥ ಗುಳಿಗಳು, ಮೂರೂ ಒಂದೇ ತುದಿಯಲ್ಲಿ. ಅಂದರೆ ಅಲೈನ್‌ಮೆಂಟ್ ತಪ್ಪಿ ಭಾರವೆಲ್ಲ ಒಂದೇ ಕಡೆ ಬೀಳುತ್ತಿತ್ತು. ಬಿರುಕು ಹುಡುಕೋಕೆ ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಹೊಡೆದು ಕಾದೆವು. ನಡುವಿನ ಹಲ್ಲಿನ ಬುಡದಲ್ಲಿ ಕೂದಲಿನಷ್ಟು ಸಣ್ಣ ಕೆಂಪು ಗೆರೆ ನಿಧಾನಕ್ಕೆ ಮೂಡಿತು. "ಇದು ಸಂಕ್ರಮಣ ದಾಟ್ತಿದ್ದಿಲ್ರೀ" ಅಂದರು ಕಾಕಾ. ಸ್ಪೇರ್ ಗಿಯರ್ ಸ್ಟೋರ್‌ನಲ್ಲಿತ್ತು, ಬದಲಿಸಿ ಅಲೈನ್‌ಮೆಂಟ್ ಮಾಡಿ 26 ಗಂಟೆಯಲ್ಲಿ ಗಾಣ ಬಿಟ್ಟೆವು.

ಈ ಸಲದ ಖರೀದಿ ಇಂಡೆಂಟ್‌ನಲ್ಲಿ ಎಲ್ಲಾ ಗಾಣಕ್ಕೂ ಫಿಲ್ಟರ್‌ಗಿಂತ ಮುಂಚೆ ಚೂರೆಣಿಸುವ ಸೆನ್ಸರ್, ಇನ್‌ಪುಟ್ ಕಡೆ ಎರಡೆರಡು ವೈರ್ ವೈಬ್ರೇಷನ್ ಸೆನ್ಸರ್ ಜೊತೆಗೆ ಸುತ್ತಿನ ಪಲ್ಸ್, ಕ್ಯಾರಿಯರ್‌ಗಳಿಗೆ ಬರೀ ಕರೆಂಟ್ ಕ್ಲಾಂಪ್ ಬರೆದಿದ್ದೇನೆ. ದುಡ್ಡು ಕಡಿಮೆ ಬಿದ್ದರೆ ನಾನು ವೈಬ್ರೇಷನ್ ಬಿಟ್ಟು ಎಣ್ಣೆಯದ್ದನ್ನೇ ಉಳಿಸಿಕೊಳ್ಳುತ್ತೇನೆ. ಜೊತೆಗೆ ವೆಲ್ಡಿಂಗ್ ಕ್ಲಾಂಪ್ ಇಲ್ಲಿ ಹಾಕಬಾರದು ಅಂತ ಕನ್ನಡ, ಮರಾಠಿ ಎರಡರಲ್ಲೂ ಬೋರ್ಡ್ ಬರೆಸೋಕೆ ಒಂದು ಡಬ್ಬಿ ಕೆಂಪು ಬಣ್ಣ.