ಕ್ಲಚ್‌ಗೆ ಹ್ಯಾಂಡ್ ವ್ಯಾಕ್ಯೂಮ್ ಪಂಪ್: ಗಾಳಿ ತೆಗೆಯುತ್ತದೆ, ರೋಗ ಹೇಳುವುದಿಲ್ಲ

ಮೀಟರ್ ಇರುವ ಒಂದು ಕೈಪಂಪ್, ಹೊರಬರುವ ಬ್ರೇಕ್ ಆಯಿಲ್ ತುಂಬಿಕೊಳ್ಳಲು ಪ್ಲಾಸ್ಟಿಕ್ ಡಬ್ಬಿ, ಪಾರದರ್ಶಕ ಪೈಪ್, ನಾಲ್ಕಾರು ರಬ್ಬರ್ ಮೂತಿಗಳು: ಆನ್‌ಲೈನಲ್ಲೂ ಟೂಲ್ಸ್ ಅಂಗಡಿಗಳಲ್ಲೂ ಬೇರೆಬೇರೆ ಹೆಸರಿನಲ್ಲಿ ಸಿಗುವ ಕಿಟ್ ಇದು. ಪೆಡಲ್ ತುಳಿಯಲು ಇನ್ನೊಬ್ಬರು ಬೇಕಿಲ್ಲ, ಒಬ್ಬರೇ ಬ್ರೇಕ್ ಮತ್ತು ಕ್ಲಚ್ ಬ್ಲೀಡ್ ಮಾಡಬಹುದು (ಆಯಿಲ್ ಪೈಪಿನಲ್ಲಿ ಸೇರಿದ ಗಾಳಿ ತೆಗೆಯಬಹುದು) ಅನ್ನುವುದೇ ಇದರ ಆಕರ್ಷಣೆ. ಬ್ರೇಕಿನ ಮಟ್ಟಿಗೆ ಆ ಮಾತು ಸರಿ. ಆಯಿಲ್ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ ವಿಷಯದಲ್ಲಿ ಅರ್ಧ ಸರಿ. ಆಲ್ಟೊ 800 ತರಹದ ಕೇಬಲ್ ಕ್ಲಚ್ ಕಾರಿಗಂತೂ ಕ್ಲಚ್ ಕೆಲಸಕ್ಕೆ ಬೇಕೇ ಇಲ್ಲ.

ದುಡ್ಡು ಕೊಡುವ ಮೊದಲು ಪೆಡಲ್ ಏನು ಹೇಳುತ್ತಿದೆ ನೋಡಿ. ಒಂದೇ ಸಲ ತುಳಿದರೆ ಗೇರ್ ಬೀಳುವುದಿಲ್ಲ, ಎರಡು ಮೂರು ಸಲ ತುಳಿದರೆ ಬೀಳುತ್ತದೆ ಅಂದರೆ ಬಹುತೇಕ ಗಾಳಿ ಸೇರಿದೆ. ಅದು ಎಲ್ಲಿಂದ ಬಂತು ಅನ್ನುವುದು ಮುಂದಿನ ಪ್ರಶ್ನೆ. ಮೊದಲನೇ ಗೇರಲ್ಲಿ ಪೆಡಲ್ ಒತ್ತಿ ಹಿಡಿದಿದ್ದರೂ ಕೆಲವು ಸೆಕೆಂಡಿನಲ್ಲಿ ಗಾಡಿ ಮೆಲ್ಲಗೆ ಮುಂದಕ್ಕೆ ಎಳೆಯತೊಡಗಿದರೆ, ಆದರೆ ಆಯಿಲ್ ಮಟ್ಟ ಇಳಿದಿಲ್ಲದಿದ್ದರೆ, ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ವಾಷರ್ ಸವೆದು ಆಯಿಲ್ ಹಿಂದಕ್ಕೆ ಜಾರುತ್ತಿದೆ. ಇದನ್ನು ಎಷ್ಟು ಬ್ಲೀಡ್ ಮಾಡಿದರೂ ವ್ಯರ್ಥ.

ಮಟ್ಟ ಇಳಿಯುತ್ತಿದ್ದರೆ ಸೋರಿಕೆ ಹುಡುಕಬೇಕು. ಪೆಡಲ್ ಮೇಲ್ಭಾಗದಲ್ಲಿ, ಪುಷ್ ರಾಡ್ (ಪೆಡಲ್‌ನಿಂದ ಮಾಸ್ಟರ್‌ಗೆ ಹೋಗುವ ಸರಳು) ಎಂಜಿನ್ ಕಡೆಯ ಗೋಡೆಯೊಳಗೆ ಹೋಗುವ ಜಾಗಕ್ಕೆ ಟಿಶ್ಯೂ ಒತ್ತಿ ನೋಡಿ, ಒದ್ದೆಯಾದರೆ ಮಾಸ್ಟರ್. ಇನ್ನೋವಾದಂತೆ ಸ್ಲೇವ್ ಸಿಲಿಂಡರ್ (ಮಾಸ್ಟರ್ ಕಳಿಸಿದ ಒತ್ತಡದಿಂದ ಕ್ಲಚ್ ಬಿಡಿಸುವುದು) ಹೊರಗಡೆ ಇರುವ ಗಾಡಿಯಲ್ಲಿ ಅದರ ರಬ್ಬರ್ ಬೂಟ್ ಸ್ವಲ್ಪ ಮಡಚಿದರೆ ಸಾಕು, ಸೋರಿದ ಆಯಿಲ್ ಅಲ್ಲೇ ನಿಂತಿರುತ್ತದೆ. ಫೋರ್ಡ್ ಫಿಗೊ, ಷೆವರ್ಲೆ ಕ್ರೂಸ್‌ಗಳಲ್ಲಿ ಸ್ಲೇವ್ ಗೇರ್‌ಬಾಕ್ಸ್ ಒಳಗೇ, ರಿಲೀಸ್ ಬೇರಿಂಗ್ ಜೊತೆ ಕೂತಿದೆ. ಅಲ್ಲಿ ಬೆಲ್ ಹೌಸಿಂಗ್ (ಕ್ಲಚ್ ಸುತ್ತಲಿನ ಕವಚ) ತಳದಿಂದ ತೆಳ್ಳಗಿನ ಆಯಿಲ್ ತೊಟ್ಟಿಕ್ಕಿದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಇಳಿಸಿದ ಮೇಲೆ ಕ್ಲಚ್ ಪ್ಲೇಟ್ ಹಳೆಯದನ್ನೇ ಮತ್ತೆ ಹಾಕುವುದು ದಂಡದ ಉಳಿತಾಯ. ಬ್ರೇಕ್ ಮತ್ತು ಕ್ಲಚ್‌ಗೆ ಒಂದೇ ಆಯಿಲ್ ಡಬ್ಬಿ ಇರುವ ಕಾರುಗಳಲ್ಲಿ ಕ್ಲಚ್ ಪೈಪ್ ಸಾಮಾನ್ಯವಾಗಿ ಮೇಲಿನ ಮಟ್ಟದಿಂದ ಹೊರಡುತ್ತದೆ. ಹಾಗಾಗಿ ಆಯಿಲ್ ಕಡಿಮೆಯಾದರೆ ಮೊದಲು ಕೈಕೊಡುವುದು ಕ್ಲಚ್.

ಸ್ಲೇವ್ ರಾಡ್ ಪೂರ್ತಿ ಚಲಿಸುತ್ತಿದ್ದೂ ರಿವರ್ಸ್ ಹಾಕುವಾಗ ಕರ್ರ್ ಎಂದರೆ ಹೈಡ್ರಾಲಿಕ್ಸ್ ನಿರಪರಾಧಿ. ಯಾಂತ್ರಿಕ ಭಾಗಗಳಾದ ಪ್ರೆಷರ್ ಪ್ಲೇಟ್, ಫೋರ್ಕ್ ಅಥವಾ ಪೈಲಟ್ ಬೇರಿಂಗ್ ಕಡೆ ಹೋಗಿ. ಕ್ಲಚ್ ಸ್ಲಿಪ್ ಆಗುತ್ತಿದ್ದರೆ (ಎಂಜಿನ್ ಜೋರಾದರೂ ಗಾಡಿ ಅಷ್ಟು ಓಡದಿದ್ದರೆ) ಬ್ಲೀಡರ್, ಅಂದರೆ ಗಾಳಿ ಬಿಡುವ ಸಣ್ಣ ಸ್ಕ್ರೂ, ಅರೆ ಸುತ್ತು ಬಿಚ್ಚಿ ನೋಡಿ: ಒತ್ತಡದಲ್ಲಿ ಆಯಿಲ್ ಚಿಮ್ಮಿ, ಮತ್ತೆ ಬಿಗಿದ ಮೇಲೆ ಸ್ಲಿಪ್ ಸ್ವಲ್ಪ ಹೊತ್ತಿಗಾದರೂ ನಿಂತರೆ ಪೆಡಲ್ ಪುಷ್ ರಾಡ್‌ಗೆ ಫ್ರೀ ಪ್ಲೇ (ಸ್ವಲ್ಪ ಸಡಿಲ) ಇಲ್ಲ, ಇಲ್ಲವೇ ಮಾಸ್ಟರ್‌ನ ಆಯಿಲ್ ಡಬ್ಬಿಗೆ ಹಿಂದಿರುಗುವ ಸಣ್ಣ ರಂಧ್ರ ಮುಚ್ಚಿಕೊಂಡಿದೆ. ಪ್ಲೇಟ್ ಬದಲಿಸುವ ಖರ್ಚು ಇಷ್ಟರಲ್ಲೇ ತಪ್ಪಬಹುದು.

ಇನ್ನು ಪಂಪ್. ಕೆಲಸಕ್ಕೆ 15ರಿಂದ 20 ಇಂಚು (ಮೀಟರಿನಲ್ಲಿ ಪಾದರಸದ ಇಂಚು) ವ್ಯಾಕ್ಯೂಮ್ ಸಾಕು. 25 ಇಂಚು ಎಂದು ಬರೆದಿದ್ದ ಪಂಪ್ ಬೆಂಗಳೂರಿನಲ್ಲಿ 22–23ಕ್ಕೆ ನಿಂತರೆ ಕೆಟ್ಟಿದೆ ಅಂದುಕೊಳ್ಳಬೇಡಿ, 900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಕಡಿಮೆ. ನಿಜವಾದ ತೊಂದರೆ ಬೇರೆ. ಬ್ಲೀಡರ್ ಬಿಚ್ಚಿದೊಡನೆ ಅದರ ಥ್ರೆಡ್ ಸಂದಿಯಿಂದ ಹೊರಗಿನ ಗಾಳಿ ಒಳಕ್ಕೆ ನುಗ್ಗಿ, ಪೈಪಿನಲ್ಲಿ ಗುಳ್ಳೆ ನಿಲ್ಲುವುದೇ ಇಲ್ಲ. ನೋಡಿದವರು ಸಿಸ್ಟಂನಲ್ಲಿ ಇನ್ನೂ ಗಾಳಿ ಇದೆ ಎಂದು ಲೀಟರ್‌ಗಟ್ಟಲೆ ಆಯಿಲ್ ಸುರಿಯುತ್ತಾರೆ. ಥ್ರೆಡ್‌ಗೆ ಮಾತ್ರ, ತುದಿಯ ಮೊನೆಗೆ ತಾಗದಂತೆ ಟೆಫ್ಲಾನ್ ಟೇಪ್ ಸುತ್ತಿದರೆ ಇದು ಬಹಳಷ್ಟು ತಗ್ಗುತ್ತದೆ. ಸ್ಲೇವ್‌ನ ಕಪ್ ವಾಷರ್ ಕೂಡ ಒಳಗಿನಿಂದ ಒತ್ತಿದಾಗ ಸೀಲ್ ಆಗುವಂಥದ್ದು. ಹಿಂದಕ್ಕೆ ಎಳೆದರೆ ಹಳೆಯ ವಾಷರ್ ಸುತ್ತಲಿಂದಲೂ ಗಾಳಿ ಬರಬಹುದು.

ಅದಕ್ಕೇ ಕ್ಲಚ್‌ಗೆ ಕೆಳಗಿನಿಂದ ತುಂಬುವ ವಿಧಾನ ವಾಸಿ. ಗಾಳಿ ಹೇಗೂ ಮೇಲಕ್ಕೇ ಹೋಗುತ್ತದೆ. ಮೇಲಿನ ಡಬ್ಬಿಯಿಂದ ಸ್ವಲ್ಪ ಆಯಿಲ್ ತೆಗೆದು, 100 ಮಿ.ಲೀ. ಸಿರಿಂಜ್‌ಗೆ ಪೈಪ್ ಹಾಕಿ ಪೈಪಿನ ಗಾಳಿ ಮೊದಲೇ ಓಡಿಸಿ, ಬ್ಲೀಡರ್ ಮೂಲಕ ನಿಧಾನವಾಗಿ ಒತ್ತಿ. ಡಬ್ಬಿಯಲ್ಲಿ ಗುಳ್ಳೆ ನಿಲ್ಲುವ ತನಕ. ಡಬ್ಬಿ ಉಕ್ಕಿ ಪೇಂಟ್ ಮೇಲೆ ಬಿದ್ದರೆ ಒರೆಸುತ್ತಾ ಕೂರದೆ ಕೂಡಲೇ ನೀರು ಸುರಿಯಿರಿ. ಹಳೆಯ ಆಯಿಲ್ ಕಪ್ಪಾಗಿದ್ದರೆ ಮಾತ್ರ ಮೊದಲು ಪಂಪಿನಿಂದ ಎಳೆದು ತೆಗೆಯಿರಿ, ಆ ಕೊಳೆಯನ್ನು ಮಾಸ್ಟರ್‌ಗೆ ತಳ್ಳಬಾರದು. ಅರ್ಧ ಲೀಟರ್ ಡಾಟ್ 4 ಬ್ರೇಕ್ ಆಯಿಲ್ ಪೂರ್ತಿ ಕೆಲಸಕ್ಕೆ ಸಾಲುತ್ತದೆ. ಡಾಟ್ 5 ಸಿಲಿಕೋನ್, ಅದನ್ನು ಬೆರೆಸಬೇಡಿ.

ಪಂಪಿನ ಡಬ್ಬಿ ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಬೇಕು. ಬ್ರೇಕ್ ಆಯಿಲ್ ಪಂಪಿನೊಳಗೆ ಹೋದರೆ ಅದರ ರಬ್ಬರ್‌ಗಳ ಆಯಸ್ಸು ಮುಗಿಯಿತು. ಕೊಳ್ಳುವುದಾದರೆ ಲೋಹದ ಬಾಡಿಯದನ್ನೇ ಕೊಳ್ಳಿ, ಅಂಗಡಿಯಲ್ಲೇ ಮೂತಿಗೆ ಬೆರಳಿಟ್ಟು 20 ಇಂಚು ಎಳೆದು ಒಂದೆರಡು ನಿಮಿಷ ಮುಳ್ಳು ನಿಲ್ಲುತ್ತದೆಯೇ ನೋಡಿ. ನಾಲ್ಕು ಚಕ್ರದ ಬ್ರೇಕನ್ನೂ ತಾವೇ ನೋಡಿಕೊಳ್ಳುವವರಿಗೆ ಇದು ಒಳ್ಳೆಯ ಖರೀದಿ. ಕ್ಲಚ್ ಒಂದಕ್ಕೇ ಆದರೆ ಸಿರಿಂಜ್ ಮತ್ತು ಅರ್ಧ ಮೀಟರ್ ಪೈಪ್ ಸಾಕು, ಸಿರಿಂಜ್‌ನ ರಬ್ಬರ್ ಈ ಆಯಿಲ್‌ಗೆ ಉಬ್ಬಿ ಬಿಗಿಯಾಗುವುದರಿಂದ ಪ್ರತಿ ಸಲ ಹೊಸದು ತನ್ನಿ.