ಹೊಸ ಬೈಕ್ ಸವಾರನ ಸಲಕರಣೆಗಳು: ದಾವಣಗೆರೆ–ಚಿತ್ರದುರ್ಗ ದಾರಿಯಲ್ಲಿ 3 ವರ್ಷ, 36,000 ಕಿ.ಮೀ. ಬಳಸಿದ ಮೇಲೆ

ನಾನು ಬೈಕ್ ಕಲಿತದ್ದು ತಡವಾಗಿ, 34ನೆಯ ವಯಸ್ಸಿನಲ್ಲಿ. ದಾವಣಗೆರೆಯ ಮನೆಯಿಂದ ಚಿತ್ರದುರ್ಗದ ಕೆಲಸಕ್ಕೆ ಬಸ್ಸಿನಲ್ಲೇ ಹೋಗಿ ಬರುತ್ತಿದ್ದವನು, 150 ಸಿಸಿಯ ಬೈಕ್ ಕೊಂಡ ಮೇಲೆ ವಾರಕ್ಕೆ ಎರಡು ದಿನ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಆನಗೋಡು, ಭರಮಸಾಗರ ದಾಟಿ ಹೋಗಲಾರಂಭಿಸಿದೆ. ಒಂದು ಕಡೆಗೆ ಸುಮಾರು 60 ಕಿಲೋಮೀಟರ್. ಹೊಸಬರಿಗೆ ಬೇಕೇ ಬೇಕು ಎಂದು ಕಂಡವರೆಲ್ಲ ಹೇಳಿದ್ದನ್ನು ನಂಬಿ ಮೊದಲ ತಿಂಗಳಲ್ಲೇ ಹದಿನೈದು ಸಾವಿರ ರೂಪಾಯಿಗೂ ಹೆಚ್ಚು ಖರ್ಚು ಮಾಡಿದೆ. ಆ ಸಾಮಾನುಗಳಲ್ಲಿ ಅರ್ಧದಷ್ಟು ಈಗ ಅಟ್ಟ ಸೇರಿವೆ. ಅಟ್ಟ ಸೇರಿದ್ದು ಯಾವುದು, ಇನ್ನೂ ಕೈಯಲ್ಲಿರುವುದು ಯಾವುದು ಎಂಬುದನ್ನು ತೀರ್ಮಾನಿಸಿದ್ದು ನಾನಲ್ಲ, ಈ ರಸ್ತೆ.

ಹೆಲ್ಮೆಟ್‌ನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನನ್ನ ಮೊದಲ ತಪ್ಪು ಅಲ್ಲಿಯೇ ಆಯಿತು. ಮುಂದೆ ಟೋಪಿಯಂತೆ ಚಾಚಿದ ಪೀಕ್ ಇರುವ, ಕಾಡುದಾರಿಯ ಬೈಕ್‌ಗಳವರು ಹಾಕಿಕೊಳ್ಳುವಂಥ ಹೆಲ್ಮೆಟ್ ಚೆಂದ ಕಾಣುತ್ತದೆಂದು ಕೊಂಡಿದ್ದೆ. ಊರೊಳಗೆ ಅದರಿಂದ ಏನೂ ತೊಂದರೆಯಿರಲಿಲ್ಲ. ಆದರೆ ಜೂನ್ ಬಂದು ಮುಂಗಾರಿನ ಗಾಳಿ ಎದ್ದಾಗ ಕಥೆ ಬೇರೆಯಾಯಿತು. ಚಿತ್ರದುರ್ಗದ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ದಾವಣಗೆರೆಯಿಂದ ಆಗ್ನೇಯಕ್ಕೆ ಸಾಗುವ ಹೆದ್ದಾರಿಗೆ ಆ ಗಾಳಿ ಬಲಗಡೆಯಿಂದ ಅಡ್ಡಲಾಗಿ ಬೀಸುತ್ತದೆ, ಮರಳುವಾಗ ಎಡಗಡೆಯಿಂದ. ಪಕ್ಕದಲ್ಲಿ ಹೋಗುವ ಲಾರಿಯ ಮರೆಯಿಂದ ಹೊರಬಂದ ಕ್ಷಣದಲ್ಲಿ ಪೀಕ್ ಗಾಳಿಗೆ ಸಿಕ್ಕಿ, ಯಾರೋ ಕಿವಿ ಹಿಡಿದು ತಿರುಗಿಸಿದಂತೆ ಕತ್ತು ಹೊರಳುತ್ತಿತ್ತು. ಎರಡೇ ತಿಂಗಳಲ್ಲಿ ಅದನ್ನು ಬಿಟ್ಟು, ಪೀಕ್ ಇಲ್ಲದ, ಗಲ್ಲದವರೆಗೂ ಮುಚ್ಚುವ ಫುಲ್ ಫೇಸ್ ಹೆಲ್ಮೆಟ್‌ಗೆ 3,400 ರೂಪಾಯಿ ಕೊಟ್ಟೆ. ಇಂದಿಗೂ ಅದೇ ಇದೆ.

ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದು 2021ರ ಜೂನ್‌ನಿಂದ ಕಾನೂನುಬಾಹಿರ; ಐಎಸ್ 4151 ಎಂಬ ಸಂಖ್ಯೆ ಇದೆಯೇ ಎಂದು ನೋಡಿಯೇ ಕೊಳ್ಳಬೇಕು. ಆದರೆ ಗುರುತು ಇದ್ದ ಮಾತ್ರಕ್ಕೆ ಅದು ನಿಮ್ಮ ತಲೆಗೆ ಹೊಂದುತ್ತದೆ ಎಂದಲ್ಲ. ಹುಬ್ಬಿನ ಮೇಲೆ ಒಂದು ಅಂಗುಲ ಬಿಟ್ಟು ಟೇಪಿನಿಂದ ತಲೆಯ ಸುತ್ತಳತೆ ತೆಗೆದುಕೊಳ್ಳಿ. ಹಾಕಿಕೊಂಡು ತಲೆಯನ್ನು ಅತ್ತಿತ್ತ ಅಲುಗಿಸಿದರೆ ಕೆನ್ನೆಯ ಚರ್ಮವೂ ಹೆಲ್ಮೆಟ್‌ನ ಜೊತೆಗೇ ಎಳೆದಾಡಬೇಕು. ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಮೇಲಕ್ಕೆತ್ತಿದರೂ ಕಳಚಿ ಬರಬಾರದು. ಅಂಗಡಿಯಲ್ಲೇ ಹದಿನೈದು ನಿಮಿಷ ಹಾಕಿಕೊಂಡು ನಿಲ್ಲಿ. ಅಂಗಡಿಯವನು ಮುಖ ನೋಡಿದರೆ ನೋಡಲಿ, ಹಣೆಯ ಒಂದೇ ಜಾಗದಲ್ಲಿ ಒತ್ತುವ ಹೆಲ್ಮೆಟ್ ಭರಮಸಾಗರ ಬರುವ ಹೊತ್ತಿಗೆ ತಲೆನೋವು ತಂದಿರುತ್ತದೆ. ನನ್ನದರ ಒಳಗಿನ ಸ್ಪಂಜನ್ನು ತಿಂಗಳಿಗೊಮ್ಮೆ ಬಿಚ್ಚಿ ಶಾಂಪೂ ನೀರಿನಲ್ಲಿ ತೊಳೆಯುತ್ತೇನೆ. ಮುಖದ ಮುಂದಿನ ಪಾರದರ್ಶಕ ಮುಚ್ಚಳವಾದ ವೈಸರ್ ಅನ್ನು ಮಾತ್ರ ಎರಡು ಸಲ ಬದಲಾಯಿಸಬೇಕಾಯಿತು; ಧೂಳನ್ನು ಒಣ ಬಟ್ಟೆಯಿಂದ ಒರೆಸಿದ್ದೇ ತಪ್ಪು, ಗೀರು ಬಿದ್ದ ವೈಸರ್‌ನಲ್ಲಿ ರಾತ್ರಿ ಎದುರಿನ ಬೆಳಕು ಬಲೆಯಂತೆ ಹರಡಿಕೊಳ್ಳುತ್ತದೆ.

ಗ್ಲೌಸ್ ಬಗ್ಗೆ ನನಗೆ ನಂಬಿಕೆಯೇ ಇರಲಿಲ್ಲ. 1,900 ರೂಪಾಯಿಯ, ಅಂಗೈಗೆ ಚರ್ಮದ ಹೊದಿಕೆಯೂ ಬುಡದಲ್ಲಿ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆಯೂ ಇರುವ ಜೋಡಿಯನ್ನು ಗೆಳೆಯನ ಒತ್ತಾಯಕ್ಕೆ ಕೊಂಡಿದ್ದೆ. ನಮ್ಮ ಸೀಮೆಯಲ್ಲಿ ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೇ ಕಣ. ಎರಡನೆಯ ವರ್ಷದ ನವೆಂಬರಿನ ಒಂದು ಬೆಳಿಗ್ಗೆ, ಆನಗೋಡಿನ ಹತ್ತಿರ ಸರ್ವಿಸ್ ರಸ್ತೆಗೆ ಇಳಿದಾಗ ಅಂಚಿನಲ್ಲಿ ಹರವಿದ್ದ ಕಾಳು ರಸ್ತೆಯ ನಡುವಿನವರೆಗೂ ಚೆಲ್ಲಿತ್ತು. ವೇಗ ಇಪ್ಪತ್ತೈದನ್ನೂ ಮೀರಿರಲಿಲ್ಲ. ಮುಂದಿನ ಬ್ರೇಕ್ ಮುಟ್ಟಿದೆ ಅಷ್ಟೇ, ಚಕ್ರ ಕಾಳಿನ ಮೇಲೆ ಗೋಲಿಯಾಡಿದಂತೆ ಜಾರಿ ಬೈಕ್ ಬಲಕ್ಕೆ ಮಲಗಿತು. ಬೀಳುವ ಮನುಷ್ಯ ಯೋಚಿಸದೆ ಮೊದಲು ಚಾಚುವುದು ಕೈ. ನಾನೂ ಅದನ್ನೇ ಮಾಡಿದೆ. ಎದ್ದು ನೋಡಿದರೆ ಬಿಲ್ಲೆಯ ಮೇಲೆ ಉಗುರಿನಗಲದ ಮೂರು ಗೀರುಗಳು, ಚರ್ಮದ ಹೊಲಿಗೆ ಒಂದು ಕಡೆ ಬಿಟ್ಟಿತ್ತು, ಅಂಗೈ ಸ್ವಲ್ಪ ಬೆಚ್ಚಗಾಗಿತ್ತು ಅಷ್ಟೆ. ಅದೇ ಕೈಯ ಮೊಣಕೈಯಲ್ಲಿ, ಸೆಖೆಯೆಂದು ಜಾಕೆಟ್ ಹಾಕಿರದ ಕಾರಣ, ಹತ್ತು ದಿನ ಮಾಯದ ತರಚು ಗಾಯ. ಕಾಳು ಹರವಿದ್ದ ಅಜ್ಜಿಯೇ ಓಡಿ ಬಂದು ನೀರು ಕೊಟ್ಟಳು. ಹೊಲಿಗೆಯನ್ನು ಚಪ್ಪಲಿ ಹೊಲಿಯುವವರಿಂದ ಹಾಕಿಸಿ ಅದೇ ಗ್ಲೌಸ್ ಬಳಸುತ್ತಿದ್ದೇನೆ.

ಆಗ ನನ್ನ ಬಳಿ ಇದ್ದದ್ದು ದಪ್ಪ ಬಟ್ಟೆಯ, ಮಳೆಯ ಒಳಪದರವೂ ಇದ್ದ ಜಾಕೆಟ್. ಏಪ್ರಿಲ್‌ನ ಬಯಲುಸೀಮೆಯ ಬಿಸಿಲಲ್ಲಿ ಅದನ್ನು ಹಾಕಿಕೊಳ್ಳುವುದು ಕಂಬಳಿ ಹೊದ್ದು ಒಲೆಯ ಮುಂದೆ ಕುಳಿತಂತೆ. ಹಾಕಿಕೊಳ್ಳಲಾಗದ ರಕ್ಷಣೆ ರಕ್ಷಣೆಯೇ ಅಲ್ಲ. ಬಿದ್ದ ಮೇಲೆ ಎದೆ, ತೋಳುಗಳಲ್ಲಿ ಜಾಲರಿ ಇರುವ ಮೆಶ್ ಜಾಕೆಟ್ ಕೊಂಡೆ. ಅದರ ಭುಜ ಮತ್ತು ಮೊಣಕೈಯ ಪ್ಯಾಡ್‌ಗಳಿಗೆ ಸಿಇ ಲೆವೆಲ್ 2, ಅಂದರೆ ಯುರೋಪಿನ ಸುರಕ್ಷಾ ಮಾನದಂಡದ ಮೇಲಿನ ಹಂತದ ಗುರುತಿದೆ. ಬೆನ್ನಿಗೆ ಮಾತ್ರ ಕಂಪನಿ ಕೊಟ್ಟದ್ದು ಬರೀ ಸ್ಪಂಜು, ನಿಜವಾದ ಪ್ಯಾಡನ್ನು ಬೇರೆಯಾಗಿ ಕೊಳ್ಳಬೇಕಾಯಿತು. ಮಳೆಗೆ ಮೇಲೆ ಹಾಕಿಕೊಳ್ಳುವ ಸಾದಾ ರೈನ್‌ಕೋಟ್ ಸಾಕು. ಒಳಪದರ ಇದ್ದರೆ ಮೈ ನೆನೆಯದಿದ್ದರೂ ಜಾಕೆಟ್ ನೆನೆದು ಮಣಭಾರವಾಗುತ್ತದೆ.

ರಿಪೇರಿ ಸಲಕರಣೆಗಳ ವಿಷಯಕ್ಕೆ ಬಂದರೆ, ನನಗೆ ಸಿಟ್ಟು ಬರಿಸಿದ್ದು ಆನ್‌ಲೈನ್‌ನಲ್ಲಿ ತರಿಸಿದ 46 ತುಂಡುಗಳ ಟೂಲ್ ಕಿಟ್. ಚೈನ್ ಬಿಗಿ ಮಾಡಲು ಹಿಂದಿನ ಆಕ್ಸಲ್ ನಟ್ಟಿಗೆ ಅದರ ಸ್ಪ್ಯಾನರ್ ಹಾಕಿ ಒತ್ತಿದರೆ ನಟ್ಟು ತಿರುಗುವ ಬದಲು ಸ್ಪ್ಯಾನರಿನ ಬಾಯಿಯೇ ಅಗಲವಾಯಿತು, ನಟ್ಟಿನ ಮೂಲೆಗಳೂ ಸವೆದವು. ನಮ್ಮ ಬೀದಿಯ ಮೆಕ್ಯಾನಿಕ್ ಅದನ್ನು ಕೈಯಲ್ಲಿ ಹಿಡಿದು, "ಸಾರ್, ಇದು ಸ್ಟೀಲ್ ಅಲ್ಲ, ದಾವಣಗೆರೆ ಬೆಣ್ಣೆ" ಎಂದ. ಮಾರಿದವರು ವಾಪಸ್ಸು ತೆಗೆದುಕೊಳ್ಳಲಿಲ್ಲ. ಅವನು ಹೇಳಿದಂತೆ 8, 10, 12, 14ರ ಒಳ್ಳೆಯ ಸ್ಪ್ಯಾನರ್‌ಗಳು, ಅಲೆನ್ ಕೀಗಳ ಒಂದು ಗೊಂಚಲು, ಆಕ್ಸಲ್ ನಟ್ಟಿನ ಅಳತೆಯ ಒಂದು ರಿಂಗ್ ಸ್ಪ್ಯಾನರ್, ಇಷ್ಟನ್ನೇ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಡಿಯಾಗಿ ಕೊಂಡೆ. ಮೂರು ವರ್ಷಗಳಲ್ಲಿ ಬೇರೆ ಅಳತೆ ಬೇಕಾಗಿಲ್ಲ. ಬೈಕಿನ ಸೀಟಿನಡಿ ಕಂಪನಿಯೇ ಕೊಟ್ಟಿರುವ ಚಿಕ್ಕ ಚೀಲವನ್ನು ಬಿಚ್ಚಿ ನೋಡದೆ ಏನನ್ನೂ ಕೊಳ್ಳಬೇಡಿ. ನನ್ನದರಲ್ಲಿ ಸ್ಪಾರ್ಕ್ ಪ್ಲಗ್ಗಿನ ಸ್ಪ್ಯಾನರ್ ಇದ್ದದ್ದು ಇನ್ನೊಂದನ್ನು ಕೊಂಡ ಮೇಲೆ ತಿಳಿಯಿತು.

ಚೈನಿಗೆ 500 ಕಿಲೋಮೀಟರಿಗೊಮ್ಮೆ ಲೂಬ್ ಹೊಡೆಯುತ್ತೇನೆ, ಅಂದರೆ ಎರಡು ವಾರಕ್ಕೊಮ್ಮೆ. ರಬ್ಬರಿನ ಓ-ರಿಂಗ್ ಇರುವ ಚೈನನ್ನು ಪೆಟ್ರೋಲಿನಿಂದ ತೊಳೆಯಬಾರದು, ರಿಂಗ್ ಹಾಳಾಗಿ ಒಳಗಿನ ಗ್ರೀಸ್ ಹೊರಟುಹೋಗುತ್ತದೆ. ಸಂಜೆ ಮನೆಗೆ ಬಂದ ಕೂಡಲೇ, ಚೈನು ಬಿಸಿ ಇರುವಾಗಲೇ ಹೊಡೆದರೆ ರಾತ್ರಿಯಿಡೀ ಇಳಿದು ಕೂರುತ್ತದೆ. ಮೊದಲ ಚೈನ್ ಸೆಟ್ 24,000 ಕಿಲೋಮೀಟರಿಗೆ ಮುಗಿಯಿತು.

ನೂರಕ್ಕೆ ನೂರು ಅಂಕ ಕೊಡುವುದಾದರೆ ಅದು 350 ರೂಪಾಯಿಯ ಗಾಳಿ ಅಳೆಯುವ ಗೇಜಿಗೆ. ನನ್ನ ಬೈಕಿಗೆ ಮುಂದೆ 25, ಹಿಂದೆ ಒಬ್ಬರೇ ಇದ್ದರೆ 28, ಇಬ್ಬರಿದ್ದರೆ 32 ಪಿಎಸ್‌ಐ. ಬಂಕಿನಲ್ಲಿ ಹಾಕಿಸಿದ 28, ಮನೆಯ ಗೇಜಿನಲ್ಲಿ 33 ಎಂದು ತೋರಿಸಿದ ದಿನದಿಂದ ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ ನಾನೇ ಅಳೆಯುತ್ತೇನೆ. ಓಡಿ ಬಿಸಿಯಾದ ಟೈರಿನ ಲೆಕ್ಕ ಯಾವತ್ತೂ ಹೆಚ್ಚೇ ತೋರಿಸುತ್ತದೆ.

ಅದರ ಜೊತೆಗಾರ 2,600 ರೂಪಾಯಿಯ ಬ್ಯಾಟರಿ ಇನ್‌ಫ್ಲೇಟರ್ ಮತ್ತು ಟ್ಯೂಬ್‌ಲೆಸ್ ಪಂಕ್ಚರ್ ಕಿಟ್. ಒಂದು ಸಂಜೆ ಭರಮಸಾಗರ ದಾಟಿ ಮೂರು ಕಿಲೋಮೀಟರ್ ಆಗಿರಬಹುದು, ಬೈಕಿನ ಹಿಂಭಾಗ ಬಾತುಕೋಳಿಯಂತೆ ಆಡತೊಡಗಿತು. ಮೊಳೆ ಹೊಕ್ಕ ಓರೆಯನ್ನು ಗಮನಿಸಿ ಇಕ್ಕಳದಿಂದ ಕಿತ್ತು, ಅದೇ ಓರೆಯಲ್ಲಿ ರೀಮರ್ ಎಂಬ ಒರಟು ಮೈಯ ಸಲಾಕೆಯನ್ನು ತಿರುಗಿಸಿ ತೂತನ್ನು ಒರಟು ಮಾಡಿ, ಅಂಟು ಸವರಿದ ರಬ್ಬರ್ ಎಳೆಯನ್ನು ಸೂಜಿಯಿಂದ ಒಳನೂಕಿ, ತುದಿ ಹೊರಗುಳಿಯುವಂತೆ ನೋಡಿಕೊಂಡು ಸೂಜಿಯನ್ನು ಒಂದೇ ಎಳೆತಕ್ಕೆ ಹೊರತೆಗೆದೆ. ಎಂಜಲು ಹಚ್ಚಿ ನೋಡಿದೆ, ಗುಳ್ಳೆ ಬರಲಿಲ್ಲ. ಇನ್‌ಫ್ಲೇಟರ್ ನಾಲ್ಕು ನಿಮಿಷ ಗುರುಗುಟ್ಟಿ 28ಕ್ಕೆ ನಿಂತಿತು. ಮನೆಯಂಗಳದಲ್ಲಿ ಹಳೆಯ ಟೈರಿನ ಮೇಲೆ ಒಮ್ಮೆ ಅಭ್ಯಾಸ ಮಾಡಿರದಿದ್ದರೆ ಆ ಕತ್ತಲಲ್ಲಿ ರೀಮರ್ ತಿರುಗಿಸುವ ಧೈರ್ಯ ಬರುತ್ತಿರಲಿಲ್ಲ. ರೀಮರ್ ಒಳಹೋಗಲು ಬೇಕಾಗುವ ಕಸುವು ವಿಡಿಯೊಗಳಲ್ಲಿ ಕಾಣುವುದಿಲ್ಲ. ಮರುದಿನ ಅಂಗಡಿಯಲ್ಲಿ ಟೈರು ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸಿದೆ. ಇನ್‌ಫ್ಲೇಟರಿನ ಬ್ಯಾಟರಿ ಈಗ ಮುಂಚಿನಷ್ಟು ತಾಳುವುದಿಲ್ಲ, ಪೂರ್ತಿ ಚಾರ್ಜಿಗೆ ಒಂದು ಖಾಲಿ ಟೈರು ತುಂಬುತ್ತದೆ, ಎರಡನೆಯದಕ್ಕೆ ಏದುಸಿರು ಬಿಡುತ್ತದೆ.

ಮೊಣಕಾಲಿನ ಗಾರ್ಡ್, ಟ್ಯಾಂಕಿನ ಮೇಲಿನ ಮ್ಯಾಗ್ನೆಟ್ ಚೀಲ, ಹ್ಯಾಂಡಲ್ಲಿಗೆ ಕಟ್ಟುವ ಮೊಬೈಲ್ ಹೋಲ್ಡರ್, ಇವು ಮೂರೂ ಅಟ್ಟದಲ್ಲಿವೆ. ಹೋಲ್ಡರಿನ ಅದುರುವಿಕೆಗೆ ಮೊಬೈಲಿನ ಕ್ಯಾಮೆರಾ ಕೆಟ್ಟದ್ದು ಬೇರೆ ನಷ್ಟ. ಪಾದದ ಗಂಟು ಮುಚ್ಚುವ ಬೂಟುಗಳನ್ನು ಕೊಂಡು ನಾಲ್ಕು ತಿಂಗಳಾಯಿತು. ಎಡಗಾಲಿನ ಮೇಲ್ಭಾಗದಲ್ಲಿ ಗೇರ್ ಲಿವರ್ ತಾಗುವ ಜಾಗ ಈಗಲೇ ಹೊಳಪು ಕಳೆದುಕೊಂಡಿದೆ, ಮಳೆಗಾಲ ಇನ್ನೂ ನೋಡಿಲ್ಲವಾದ್ದರಿಂದ ಅವಕ್ಕೆ ಅಂಕ ಕೊಡುತ್ತಿಲ್ಲ.